ಕಾಸು ಕಾಸು ಕೂಡಿಸಿ ಕಲಿಕೆಯ ಮನೆ ಕಟ್ಟಿದ ಮೊಗ್ಲಿಂಗ್

ಹುಳಿಯಾರು-ಕೆಂಕೆರೆಯಿಂದ ತಿಪಟೂರು, ತುರುವೇಕೆರೆವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ ಹಳೆಯ ತೋಟದ ಮನೆಗಳ ಸೂರಿಗೆ ಹೊದಿಸಿದ್ದು ಮಂಗಳೂರು ಹೆಂಚು. ಅದರ ಹುಟ್ಟಿಗೂ, ಈ ಸೀಮೆಯ ಮಠ ಮನೆಗಳಲ್ಲಿ ಭಕ್ತಿಯಿಂದ ಓದುವ ಬಸವಪುರಾಣದ ಮೊದಲ ಮುದ್ರಣಕ್ಕೂ, ಕನ್ನಡದ ಮೊದಲ ಪತ್ರಿಕೆಗೂ ಒಂದೇ ಮೂಲವಿದೆ ಎಂಬುದು ಹಲವರಿಗೆ ತಿಳಿದಿರಲಾರದು. ಆ ಮೂಲವೇ ಮಂಗಳೂರಿನಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್. ಆ ಮಿಷನ್‌ನ ವಿದ್ಯಾಲಯವನ್ನು ಕಟ್ಟಿ, ಅದರ ಖರ್ಚಿನ ಚಿಂತೆಯಲ್ಲೇ ತಮ್ಮ ಯೌವನದ ಉತ್ತಮ ವರ್ಷಗಳನ್ನು ಸವೆಸಿದವರು ಜರ್ಮನಿಯ ಪಾದ್ರಿ ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್.

ಪ್ರತಿ ವರ್ಷ ಜುಲೈ 1ರಂದು ರಾಜ್ಯದ ಪತ್ರಕರ್ತರು ಪತ್ರಿಕಾ ದಿನ ಆಚರಿಸುತ್ತಾರೆ. ವೇದಿಕೆಯ ಮೇಲೆ ಮೊಗ್ಲಿಂಗ್ ಹೆಸರು ಒಮ್ಮೆ ಕೇಳಿಬರುತ್ತದೆ, ಭಾವಚಿತ್ರಕ್ಕೆ ಹೂವು ಬೀಳುತ್ತದೆ. ಆದರೆ ಪತ್ರಿಕೆ ಅವರ ಜೀವನದ ಒಂದು ಸಣ್ಣ ಅಧ್ಯಾಯ ಮಾತ್ರ. ಅವರ ಮುಖ್ಯ ಕೆಲಸ ಶಾಲೆ. ಆ ಶಾಲೆಗೆ ದುಡ್ಡು ಹೊಂದಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನೂ, ಅವರ ನಂತರ ಬಂದವರನ್ನೂ ಬಿಡದೆ ಕಾಡಿತು.

ಬ್ರಾಕನ್‌ಹೈಮ್‌ನಿಂದ ಮಂಗಳೂರಿಗೆ

ಮೊಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ರಾಜ್ಯದ ಬ್ರಾಕನ್‌ಹೈಮ್ ಎಂಬ ಚಿಕ್ಕ ಪಟ್ಟಣದಲ್ಲಿ. ಅದು ಲೂಥರ್ ಪಂಥದ ನಾಡು. ತ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ ಮೊಗ್ಲಿಂಗ್ ಊರಿನಲ್ಲೇ ಉಳಿದಿದ್ದರೆ ಯಾವುದಾದರೂ ಚರ್ಚಿನಲ್ಲಿ ನೆಮ್ಮದಿಯ ಸ್ಥಾನ ದೊರೆಯುತ್ತಿತ್ತು. ಅವರು ಆರಿಸಿಕೊಂಡದ್ದು ಗಡಿಯಾಚೆಯ ಸ್ವಿಟ್ಜರ್‌ಲೆಂಡ್‌ನ ಬಾಸೆಲ್ ನಗರದ ಮಿಷನ್ ಸಂಸ್ಥೆಯನ್ನು.

1815ರಲ್ಲಿ ಸ್ಥಾಪನೆಯಾಗಿದ್ದ ಬಾಸೆಲ್ ಮಿಷನ್ನಿನಲ್ಲಿ ಜರ್ಮನಿಯ ಲೂಥರನ್ನರೂ ಸ್ವಿಟ್ಜರ್‌ಲೆಂಡ್‌ನ ರಿಫಾರ್ಮ್ಡ್ ಪಂಥದವರೂ ಒಟ್ಟಿಗೆ ದುಡಿಯುತ್ತಿದ್ದರು. ಅದಕ್ಕೆ ಯಾವ ಸರ್ಕಾರದ ಬೊಕ್ಕಸವೂ ಬೆನ್ನಿಗಿರಲಿಲ್ಲ. ಭಕ್ತರು ಕೊಟ್ಟಷ್ಟೇ ಅದರ ಆದಾಯ. 1833ರ ಸನ್ನದು ಕಾಯ್ದೆಯ ಮೂಲಕ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತ ಪ್ರದೇಶ ಬ್ರಿಟಿಷರಲ್ಲದ ಮಿಷನರಿಗಳಿಗೂ ತೆರೆದುಕೊಂಡಾಗ, ಭಾರತಕ್ಕೆ ಜನರನ್ನು ಕಳುಹಿಸುವ ಆಸೆ ಬಾಸೆಲ್‌ಗೆ ಹುಟ್ಟಿತು. ಶೋನ್‌ಬರ್ಗ್ ವಾಲ್ಡನ್‌ಬರ್ಗ್‌ನ ರಾಜಕುಮಾರರು ಕೊಟ್ಟ 10,000 ಥಾಲರ್ ದೇಣಿಗೆ ಆ ಆಸೆಯನ್ನು ಕೈಗೂಡಿಸಿತು. ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಅದೇ ತಿಂಗಳು ಮಂಗಳೂರು ಸೇರಿದರು. 1836ರಲ್ಲಿ ಅವರನ್ನು ಕೂಡಿಕೊಂಡವರಲ್ಲಿ 25 ವರ್ಷದ ಮೊಗ್ಲಿಂಗ್ ಒಬ್ಬರು. ಸರಿಸುಮಾರು ಅದೇ ಕಾಲದಲ್ಲಿ ಇತ್ತ ತುಮಕೂರು ಸೀಮೆಯ ಗುಬ್ಬಿಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕೆಲಸ ಆರಂಭಿಸಿತ್ತು.

ಮಕ್ಕಳ ಜೊತೆಗೇ ವಾಸ, ಮಕ್ಕಳ ಜೊತೆಗೇ ಊಟ

ಆರಂಭದಲ್ಲಿ ಸ್ವಲ್ಪ ಕಾಲ ಧಾರವಾಡ, ಹುಬ್ಬಳ್ಳಿಯ ಕಡೆ ಇದ್ದ ಮೊಗ್ಲಿಂಗ್ 1838ರಲ್ಲಿ ಮಂಗಳೂರಿಗೆ ಮರಳಿ ವಸತಿಶಾಲೆಯ ಹೊಣೆ ಹೊತ್ತರು. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಪಾಠವಾಗಬೇಕು, ಮುಂದೆ ಈ ನಾಡಿನವರೇ ಉಪದೇಶಕರೂ ಉಪಾಧ್ಯಾಯರೂ ಆಗಬೇಕು ಎಂಬುದು ಅವರ ನಿಲುವು. ಯುರೋಪಿನಿಂದ ಬಂದವರು ಎಷ್ಟು ಕಾಲ ಇದ್ದಾರು? ಇಲ್ಲಿನ ಹವೆ, ಜ್ವರ, ಕಾಲರಾಗಳಿಗೆ ತುತ್ತಾಗುತ್ತಿದ್ದವರು ಕಡಿಮೆಯೇನಿರಲಿಲ್ಲ. ಸ್ಥಳೀಯರು ತರಬೇತಾಗದಿದ್ದರೆ ಸಭೆಯೂ ಉಳಿಯದು, ಶಾಲೆಯೂ ಉಳಿಯದು ಎಂದು ಅವರು ಕಂಡುಕೊಂಡಿದ್ದರು.

ವಸತಿಶಾಲೆ ಎಂದರೆ ಬರಿ ಪಾಠವಲ್ಲ. ಮಕ್ಕಳಿಗೆ ಅನ್ನ, ಬಟ್ಟೆ, ಪುಸ್ತಕ, ಕಾಯಿಲೆ ಬಿದ್ದರೆ ಔಷಧ, ಎಲ್ಲವೂ ಸಂಸ್ಥೆಯದೇ. ಬಂದವರಲ್ಲಿ ಬಡವರ ಮಕ್ಕಳೇ ಹೆಚ್ಚು. ಶುಲ್ಕ ಕೇಳುವ ಮಾತೇ ಇಲ್ಲ. ಮೊಗ್ಲಿಂಗ್ ವಿದ್ಯಾರ್ಥಿಗಳ ಜೊತೆಯಲ್ಲೇ ವಾಸಿಸಿದರು, ಅವರ ಪಂಕ್ತಿಯಲ್ಲೇ ಉಂಡರು. ಬಿಳಿಯ ಸಾಹೇಬರು ಬಂಗಲೆಯಲ್ಲಿ ಬೇರೆಯಾಗಿ ಇರುತ್ತಿದ್ದ ಆ ಕಾಲಕ್ಕೆ ಇದು ಅಪರೂಪದ ನಡೆ. ಖರ್ಚು ಹಿಡಿತದಲ್ಲಿರುವುದು ಇದರ ಒಂದು ಲಾಭ. ಮಕ್ಕಳ ಬಾಯಿಂದಲೇ ಕನ್ನಡದ ಗಾದೆ, ಕಥೆ, ನುಡಿಗಟ್ಟುಗಳು ಕಿವಿಗೆ ಬಿದ್ದದ್ದು ಇನ್ನೊಂದು ಲಾಭ.

ನೆಲ ಮತ್ತು ಕಟ್ಟಡಕ್ಕೆ ಮಿಷನ್ ಬ್ರಿಟಿಷ್ ಅಧಿಕಾರಿಗಳ ಔದಾರ್ಯವನ್ನು ನೆಚ್ಚಿಕೊಂಡಿತ್ತು. ಜಿಲ್ಲೆಯ ಕಲೆಕ್ಟರ್ ಆಗಿದ್ದ ಎಚ್.ಎಂ. ಬ್ಲೇರ್ ಅವರಿಂದ 1840ರಲ್ಲಿ ಬಲ್ಮಠದ ಗುಡ್ಡದ ಜಾಗ ಮಿಷನ್‌ಗೆ ಬಂತು. ಮುಂದೆ ಮುದ್ರಣಾಲಯ, ನೇಯ್ಗೆ ಕಾರ್ಖಾನೆ, ವಿದ್ಯಾಲಯ ಎಲ್ಲಕ್ಕೂ ಆಸರೆಯಾದದ್ದು ಈ ಗುಡ್ಡ. ಆದರೆ ಒಮ್ಮೆ ಕೈಗೆ ಬರುವ ದಾನದಿಂದ ಜಾಗ ಸಿಕ್ಕೀತೇ ಹೊರತು ನಿತ್ಯದ ಅಡುಗೆ ಮನೆ ನಡೆಯದು. ಶಾಲೆ ನಡೆಸಿದವರಿಗೆಲ್ಲ ಈ ಕಷ್ಟ ಗೊತ್ತು.

ಕಲ್ಲಚ್ಚಿನಲ್ಲಿ ಮೂಡಿದ ಪತ್ರಿಕೆ

ಪಾಠಕ್ಕೆ ಪುಸ್ತಕ ಬೇಕಿತ್ತು, ಕನ್ನಡದಲ್ಲಿ ಮುದ್ರಿತ ಪುಸ್ತಕಗಳು ತೀರಾ ವಿರಳ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ನಯಗೊಳಿಸಿದ ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಪುಟ ಪುಟವಾಗಿ ಒತ್ತುವ ವಿಧಾನವದು. ಮೊಗ್ಲಿಂಗ್‌ಗೆ ಇದರಲ್ಲಿ ಜೊತೆಯಾದವರು ಅವರ ಸಮೀಪದ ಬಂಧುವೂ ಸಹಪಾದ್ರಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ.

1843ರ ಜುಲೈ 1ರಂದು ಇದೇ ಮುದ್ರಣಾಲಯದಿಂದ ಮಂಗಳೂರ ಸಮಾಚಾರ ಹೊರಬಿತ್ತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪ, ದೂರದೇಶದ ಸುದ್ದಿ, ನೀತಿಕಥೆ ಎಲ್ಲವೂ ಅದರಲ್ಲಿದ್ದವು. ಧರ್ಮಪ್ರಚಾರಕ್ಕೆ ಬಂದವರ ಪತ್ರಿಕೆಯಾದರೂ ಓದುಗನಿಗೆ ಲೋಕದ ಸುದ್ದಿ ತಲುಪಬೇಕೆಂಬ ಕಾಳಜಿ ಅದರಲ್ಲಿ ಎದ್ದು ಕಾಣುತ್ತಿತ್ತು. ಓದುಗರು ಹೆಚ್ಚಿದಂತೆ ಕಲ್ಲಚ್ಚು ಸಾಲದಾಯಿತು. 1844ರಲ್ಲಿ ಪತ್ರಿಕೆ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಸ್ಥಳಾಂತರಗೊಂಡು ಕನ್ನಡ ಸಮಾಚಾರ ಎಂಬ ಹೆಸರು ಪಡೆಯಿತು. ಒಂದು ದುಡ್ಡಿನ ಬೆಲೆಯಲ್ಲಿ ಪತ್ರಿಕೆ ಲಾಭ ತಂದೀತೆಂಬ ಭ್ರಮೆ ಮೊಗ್ಲಿಂಗ್ ಅವರಿಗೆ ಇದ್ದಂತಿಲ್ಲ. ಬಡವನೂ ಕೊಳ್ಳುವಂತಿರಬೇಕು ಎಂಬುದಷ್ಟೇ ಅದರ ಲೆಕ್ಕ.

ಅದೇ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ಕೋಲಾಹಲವೆದ್ದಿತು. ಮಗನನ್ನು ಕಳೆದುಕೊಂಡ ಮನೆಯವರ ಸಂಕಟ, ಸಮಾಜದ ಸಿಟ್ಟು ಎರಡೂ ಸಹಜವೇ ಆಗಿದ್ದವು. ಮತಾಂತರದ ಉದ್ದೇಶವನ್ನು ಮಿಷನ್ ಎಂದೂ ಮುಚ್ಚಿಡಲಿಲ್ಲ, ಮೊಗ್ಲಿಂಗ್ ಅವರೂ ಮುಚ್ಚಿಡಲಿಲ್ಲ. ಅವರ ಶಿಕ್ಷಣ ಸೇವೆಯನ್ನು ಮೆಚ್ಚುವವರು ಈ ಅಂಶವನ್ನು ಮರೆತು ಬರೆಯುವುದು ಸರಿಯಾಗದು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದ ಆ ಶಿಷ್ಯ 1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ತೆರಳಿ, ಓದು ಮುಗಿಸಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದರು.

1847ರ ವಿದ್ಯಾಲಯ

ಆರೋಗ್ಯ ಸುಧಾರಣೆಗೆಂದು ಯುರೋಪಿಗೆ ಹೋಗಿದ್ದ ಮೊಗ್ಲಿಂಗ್ ಮರಳಿ ಬಂದು, 1847ರಲ್ಲಿ ಮಂಗಳೂರಿನ ದೇವಶಾಸ್ತ್ರ ವಿದ್ಯಾಲಯಕ್ಕೆ ವ್ಯವಸ್ಥಿತ ರೂಪ ಕೊಟ್ಟರು. ವಸತಿಶಾಲೆಯಲ್ಲಿ ಬೆಳೆದ ಹುಡುಗರಲ್ಲಿ ಚುರುಕಾದವರನ್ನು ಆರಿಸಿ ಉಪದೇಶಕರನ್ನಾಗಿ ಸಿದ್ಧಗೊಳಿಸುವುದು ಅದರ ಉದ್ದೇಶ. ಕನ್ನಡ ಸಾಹಿತ್ಯಕ್ಕೂ ಪಾಠದಲ್ಲಿ ಜಾಗವಿರಬೇಕು ಎಂಬ ಹಂಬಲ ಅವರದು. ನಾಡಿನ ಕಾವ್ಯ ಪುರಾಣ ತಿಳಿಯದವನ ಮಾತು ಜನರಿಗೆ ತಟ್ಟದು ಎಂದು ಅವರು ಅರಿತಿದ್ದರು.

ಆ ಕಾವ್ಯಗಳು ಸಿಗುತ್ತಿದ್ದದ್ದು ಓಲೆಗರಿಯಲ್ಲಿ. ಅಚ್ಚು ಹಾಕಿಸಲು ಮಿಷನ್ ದುಡ್ಡನ್ನು ಬಳಸುವಂತಿರಲಿಲ್ಲ. ಕ್ರೈಸ್ತಧರ್ಮದ ಕೆಲಸಕ್ಕೆಂದು ಬಾಸೆಲ್‌ನ ಬಡ ಮುದುಕಿ ಕೊಟ್ಟ ಕಾಸಿನಲ್ಲಿ ವೀರಶೈವ ಪುರಾಣವನ್ನೋ ದಾಸರ ಪದವನ್ನೋ ಮುದ್ರಿಸಿದರೆ ಕೊಟ್ಟವರಿಗೆ ಏನೆಂದು ಲೆಕ್ಕ ಒಪ್ಪಿಸುವುದು? ಈ ಇಕ್ಕಟ್ಟಿಗೆ ಪರಿಹಾರವಾಗಿ ಒದಗಿದವರು ನಿವೃತ್ತ ನ್ಯಾಯಾಧೀಶ ಕಸಮೇಜರ್. ಮದರಾಸಿನ ಸಿವಿಲ್ ಸೇವೆಯಲ್ಲಿದ್ದು ನಿವೃತ್ತರಾಗಿ ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ಅವರು ಇಳಿವಯಸ್ಸಿನಲ್ಲಿ ಕನ್ನಡ ಕಲಿತವರು. ಕನ್ನಡ ಕಾವ್ಯಗಳ ಮುದ್ರಣದ ವೆಚ್ಚವನ್ನು ಅವರು ವಹಿಸಿಕೊಂಡರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಿಷನ್ನಿನ ನೀಲಗಿರಿ ಕೆಲಸಕ್ಕೆ ಬಿಟ್ಟುಹೋದರು.

ಹೀಗೆ 1848ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆ ಹೊರಬಂತು. ನೆರೆಯ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಕವಿಯ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಹರಿದಾಸರ ಪದಗಳು ಈ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಮೂಡಿದವು. ಕ್ರೈಸ್ತ ಪಾದ್ರಿಯೊಬ್ಬರ ಸಂಪಾದನೆ, ಇಂಗ್ಲಿಷ್ ನ್ಯಾಯಾಧೀಶರ ಹಣ, ಶರಣರ ಪುರಾಣ: ಇಂಥ ಕೂಡಿಕೆ ಅಂದಿಗೂ ಇಂದಿಗೂ ವಿರಳ.

ವಾರಕ್ಕೊಂದು ಅರ್ಧ ಬಾಟ್ಸೆನ್

ಮಂಗಳೂರಿನ ವಿದ್ಯಾಲಯದ ಊಟದ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಸಾವಿರಾರು ಮೈಲಿ ದೂರದ ಹಳ್ಳಿಗಳಲ್ಲಿ ಕೂಡಿದ ಕಾಸಿನಿಂದ. ಮಿಷನರಿಗಳು ಬರೆದು ಕಳುಹಿಸುತ್ತಿದ್ದ ವರದಿಗಳು ಬಾಸೆಲ್‌ನ ಮಿಷನ್ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಚರ್ಚುಗಳಲ್ಲಿ, ಪ್ರಾರ್ಥನಾ ಕೂಟಗಳಲ್ಲಿ ಅವನ್ನು ಓದಿ ಹೇಳುತ್ತಿದ್ದರು. ಮಂಗಳೂರು ಎಲ್ಲಿದೆ ಎಂದೇ ಅರಿಯದ ರೈತ, ನೇಕಾರ, ಮನೆಗೆಲಸದ ಹೆಣ್ಣುಮಗಳು ತಮ್ಮ ಪಾಲಿನ ಕಾಸು ಕೊಡುತ್ತಿದ್ದರು. ರಜೆಗೆಂದು ಊರಿಗೆ ಹೋದ ಪಾದ್ರಿಗಳಿಗೂ ವಿಶ್ರಾಂತಿ ಇಲ್ಲ. ಊರೂರು ತಿರುಗಿ ಭಾಷಣ ಮಾಡುವುದು ವಾಡಿಕೆ.

ದಾನ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂಬ ಸ್ಥಿತಿಯಿಂದ ಸಂಸ್ಥೆಯನ್ನು ಪಾರು ಮಾಡಲು 1855ರಲ್ಲಿ ಬಾಸೆಲ್‌ನ ವರ್ತಕ ಕಾರ್ಲ್ ಸರಸಿನ್ ಒಂದು ಉಪಾಯ ಜಾರಿಗೆ ತಂದರು. ಹತ್ತು ಜನರಿಗೆ ಒಬ್ಬ ಸಂಗ್ರಾಹಕ. ಪ್ರತಿಯೊಬ್ಬರೂ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಅತಿ ಸಣ್ಣ ನಾಣ್ಯ ಕೊಡಬೇಕು. ಕೊಡುವವನಿಗೆ ಭಾರವಿಲ್ಲ, ಪಡೆಯುವವನಿಗೆ ಖಚಿತ ಆದಾಯ. ಈ ಅರ್ಧ ಬಾಟ್ಸೆನ್ ಸಂಗ್ರಹ ಮುಂದೆ ಮಿಷನ್ನಿನ ಮುಖ್ಯ ಆಧಾರಗಳಲ್ಲಿ ಒಂದಾಯಿತು. ಸಿದ್ಧಗಂಗೆಯ ಸ್ವಾಮಿಗಳು ಊರೂರು ಸುತ್ತಿ ಜೋಳಿಗೆಗೆ ಬಿದ್ದ ಧಾನ್ಯ, ತೆಂಗಿನಕಾಯಿಗಳಿಂದ ಸಾವಿರಾರು ಮಕ್ಕಳ ದಾಸೋಹ ನಡೆಸಿದ್ದನ್ನು ಕಂಡ ತುಮಕೂರು ಜಿಲ್ಲೆಯ ಜನರಿಗೆ ಇದರ ಮರ್ಮ ವಿವರಿಸಬೇಕಿಲ್ಲ. ದೊಡ್ಡವರ ಒಂದು ಚೀಲಕ್ಕಿಂತ ನೂರು ಮನೆಯ ಹಿಡಿ ಹಿಡಿ ಧಾನ್ಯ ಹೆಚ್ಚು ಕಾಲ ಬರುತ್ತದೆ.

ಎರಡನೆಯ ದಾರಿ ಕೈಗಾರಿಕೆ. ಮತಾಂತರದಿಂದಾಗಿ ಮನೆ, ಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡಬೇಕಾದ ಅನಿವಾರ್ಯತೆ ಮಿಷನ್‌ಗಿತ್ತು. 1851ರಲ್ಲಿ ಬಂದ ಜಾನ್ ಹಾಲರ್ ಬಲ್ಮಠದಲ್ಲಿ ನೇಯ್ಗೆಯನ್ನು ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಗೆ ಹೆಸರು ತಂದದ್ದು ಈ ಕಾರ್ಖಾನೆಯೇ. ಮುದ್ರಣದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು, ಎತ್ತು ತಿರುಗಿಸುವ ಅರೆಯುವ ಯಂತ್ರ, ದಿನಕ್ಕೆ 560 ಹೆಂಚು: ಇಷ್ಟೇ ಅದರ ಆರಂಭ. 1859ರಲ್ಲಿ ಹುಟ್ಟಿದ್ದ ಮಿಷನ್ ವ್ಯಾಪಾರ ಕಂಪೆನಿಯ ಲಾಭದಲ್ಲೂ ಒಂದು ಪಾಲು ಧರ್ಮಕಾರ್ಯಕ್ಕೆ ಸಲ್ಲುತ್ತಿತ್ತು. ಒಂದೆಡೆ ಹಳ್ಳಿಗರ ಕಾಸು, ಇನ್ನೊಂದೆಡೆ ಮಗ್ಗ ಮತ್ತು ಹೆಂಚು. ಇವೆರಡರ ಆಸರೆಯಲ್ಲಿ ಮಿಷನ್ನಿನ ಶಾಲೆಗಳು ನಿಂತವು.

ಕೊಡಗಿನ ಕರೆ

ಇಷ್ಟು ಹೊತ್ತಿಗೆ ಮೊಗ್ಲಿಂಗ್ ಮಂಗಳೂರಿನಲ್ಲಿರಲಿಲ್ಲ. 1852ರ ವೇಳೆಗೆ ದೇಹ ದಣಿದಿತ್ತು. ಸ್ವದೇಶಕ್ಕೆ ಮರಳಲು ಸಿದ್ಧರಾಗುತ್ತಿದ್ದಾಗ ಕೊಡಗಿನ ಅಲ್ಮಂಡ ಸೋಮಯ್ಯ ಎಂಬವರು ದೀಕ್ಷೆ ಬಯಸಿ ಬಂದರು. ಮೊಗ್ಲಿಂಗ್ ಊರಿನ ಹಾದಿ ಬಿಟ್ಟು 1853ರಲ್ಲಿ ಕೊಡಗಿನ ಹಾದಿ ಹಿಡಿದರು. ಕಟ್ಟಿ ಬೆಳೆಸಿದ ವಿದ್ಯಾಲಯ ಬೇರೆಯವರ ಕೈಗೆ ಹೋಯಿತು. ಕೊಡಗಿನ ಕೆಲಸ ಬಾಸೆಲ್ ಸಮಿತಿಯ ಯೋಜನೆಯಲ್ಲಿ ಇರಲಿಲ್ಲ. ಹೋದವರು ತಮ್ಮ ಹೊಣೆಯಲ್ಲೇ ಹೋದರು. ಸಮಿತಿ ಆ ಕ್ಷೇತ್ರವನ್ನು ತನ್ನದೆಂದು ಒಪ್ಪಿಕೊಂಡದ್ದು ಆನಂತರ.

ಕಾಸು ಕೊಡುವ ಸಮಿತಿ ದೂರದಲ್ಲಿ, ಕೆಲಸ ಮಾಡುವವನು ಇಲ್ಲಿ. ಪತ್ರ ಹೋಗಿ ಉತ್ತರ ಬರಲು ತಿಂಗಳುಗಳು. ಹಸಿದ ಮಗುವಿಗೆ ಇಂದೇ ಊಟ ಬೇಕು, ಮಂಜೂರಾತಿ ಬರುವುದು ಮಳೆಗಾಲ ಕಳೆದ ಮೇಲೆ. ಮನಸ್ಸಿಗೆ ಸರಿಕಂಡದ್ದನ್ನು ಮೊದಲು ಮಾಡಿ ಒಪ್ಪಿಗೆಯನ್ನು ಆಮೇಲೆ ಪಡೆಯುವ ಸ್ವಭಾವ ಮೊಗ್ಲಿಂಗ್ ಅವರದು. ಸಂಸ್ಥೆಗೆ ಇದು ತಲೆನೋವು, ಆದರೆ ಅವರ ಬಹುತೇಕ ಒಳ್ಳೆಯ ಕೆಲಸಗಳು ನಡೆದದ್ದು ಹೀಗೆಯೇ.

ಕೊಡಗಿನ ಇತಿಹಾಸ, ಜನಜೀವನ ಕುರಿತ ಅವರ ಇಂಗ್ಲಿಷ್ ಪುಸ್ತಕ ಕೂರ್ಗ್ ಮೆಮೊಯರ್ಸ್ 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. 1857ರಲ್ಲಿ ಕೊಡಗಿನ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯ ಕನ್ನಡ ಪಠ್ಯ ಮಂಗಳೂರಿನಲ್ಲಿ ಅಚ್ಚಾಯಿತು. ಕೌಂಡಿನ್ಯರು ಅದೇ ವರ್ಷ ಕೊಡಗಿನಲ್ಲಿ ಆನಂದಪುರ ಎಂಬ ನೆಲೆ ಸ್ಥಾಪಿಸಿ, ತಲೆತಲಾಂತರದಿಂದ ಜೀತದಲ್ಲಿದ್ದ ದಲಿತ ಕುಟುಂಬಗಳಿಗೆ ಕಾಫಿ ತೋಟದ ಆಸರೆ ಕಲ್ಪಿಸಿದರು. 1855ರಲ್ಲಿ ವೈಗ್ಲೆ ಅಕಾಲಿಕವಾಗಿ ತೀರಿಕೊಂಡಿದ್ದರು. ಮೊಗ್ಲಿಂಗ್ ಅವರ ಪತ್ನಿ ಪೌಲಿನರನ್ನು ವರಿಸಿ, ತಂದೆಯಿಲ್ಲದ ಮಕ್ಕಳಿಗೆ ತಂದೆಯಾದರು.

1858ರಲ್ಲಿ ತ್ಯೂಬಿಂಗನ್ ವಿಶ್ವವಿದ್ಯಾಲಯ ಕನ್ನಡ ಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡಕ್ಕಾಗಿ ದುಡಿದವರಿಗೆ ವಿಶ್ವವಿದ್ಯಾಲಯವೊಂದು ಕೊಟ್ಟ ಮೊದಮೊದಲ ಗೌರವಗಳಲ್ಲಿ ಅದೂ ಒಂದು. 1860ರಲ್ಲಿ ಅವರು ಶಾಶ್ವತವಾಗಿ ಭಾರತ ಬಿಟ್ಟರು. ಇಲ್ಲಿ ಕಳೆದದ್ದು 24 ವರ್ಷ. ಅಲ್ಲಿದ್ದುಕೊಂಡೂ ಕೊಡಗಿನ ಬಗ್ಗೆ ಬರೆದರು, ಕನ್ನಡದ ನಂಟು ಬಿಡಲಿಲ್ಲ. 1853ರಲ್ಲಿ ಭಾರತಕ್ಕೆ ಬಂದು ಅವರ ಹಾದಿಯಲ್ಲೇ ನಡೆದ ಕಿರಿಯ ಪಾದ್ರಿ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದನ್ನು ನೋಡಲು ಮೊಗ್ಲಿಂಗ್ ಇರಲಿಲ್ಲ. 1881ರ ಮೇ ತಿಂಗಳಲ್ಲಿ ಜರ್ಮನಿಯ ಎಸ್ಲಿಂಗನ್‌ನಲ್ಲಿ ಅವರು ಕಣ್ಣು ಮುಚ್ಚಿದ್ದರು.

ಮಹಾಯುದ್ಧದ ಪೆಟ್ಟು

ಹೊರಗಿನ ಹಣವನ್ನೇ ನೆಚ್ಚಿದ ಸಂಸ್ಥೆಗೆ ಆ ಹಣ ನಿಂತಾಗ ಏನಾಗುತ್ತದೆ? ಉತ್ತರ 1914ರಲ್ಲಿ ಸಿಕ್ಕಿತು. ಮೊದಲ ಮಹಾಯುದ್ಧ ಆರಂಭವಾಗುತ್ತಲೇ ಜರ್ಮನ್ ಮಿಷನರಿಗಳು ಶತ್ರುದೇಶದವರೆನಿಸಿದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು ಆನಂತರ ದೇಶದಿಂದ ಹೊರಗೆ ಕಳುಹಿಸಲಾಯಿತು. ಮಗ್ಗ, ಹೆಂಚಿನ ಕಾರ್ಖಾನೆಗಳು ಸರ್ಕಾರದ ವಶವಾಗಿ, ಯುದ್ಧಾನಂತರ ಲಂಡನ್‌ನ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಎಂಟು ದಶಕಗಳಲ್ಲಿ ಕಟ್ಟಿದ ಆರ್ಥಿಕ ಆಧಾರ ಕೆಲವೇ ವರ್ಷಗಳಲ್ಲಿ ಕಳಚಿಬಿತ್ತು.

ಆಗ ಸಭೆಯನ್ನೂ ಶಾಲೆಗಳನ್ನೂ ಹಿಡಿದು ನಿಲ್ಲಿಸಿದವರು ಇಲ್ಲಿಯವರೇ. ಈ ವಿದ್ಯಾಲಯದಲ್ಲಿ ಓದಿದ ಕನ್ನಡ, ತುಳು ಮಾತಿನ ಪಾದ್ರಿಗಳು ಮತ್ತು ಉಪಾಧ್ಯಾಯರು. ಸ್ಥಳೀಯರು ಸಿದ್ಧರಾಗಬೇಕೆಂದು 1840ರ ದಶಕದಲ್ಲೇ ಹಟ ಹಿಡಿದಿದ್ದ ಮೊಗ್ಲಿಂಗ್ ಅವರ ದೂರದೃಷ್ಟಿ ಎಷ್ಟು ಸರಿಯಾಗಿತ್ತೆಂಬುದು ಆಗ ತಿಳಿಯಿತು. ಹಣ ನಿಂತಿತು, ಜನ ಉಳಿದರು.

1965ರಲ್ಲಿ ಹಲವು ಸಭೆಗಳ ಸಹಭಾಗಿತ್ವದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು. ಮಂಗಳೂರಿನ ಬಲ್ಮಠದಲ್ಲಿರುವ ಈ ಕಾಲೇಜು ತನ್ನ ಬೇರನ್ನು 1847ರ ವಿದ್ಯಾಲಯದಲ್ಲೇ ಗುರುತಿಸಿಕೊಳ್ಳುತ್ತದೆ. ಮಿಷನ್ ಕಾಲದ ಅಪರೂಪದ ಮುದ್ರಿತ ಪುಸ್ತಕಗಳು, ದಾಖಲೆಗಳು ಅಲ್ಲಿನ ಸಂಗ್ರಹದಲ್ಲಿವೆ. ಕನ್ನಡ ಸಂಶೋಧಕರು ಅವನ್ನರಸಿ ಬಲ್ಮಠದ ಗುಡ್ಡ ಹತ್ತುತ್ತಾರೆ.

ಮೊಗ್ಲಿಂಗ್ ತಮಗಾಗಿ ಏನನ್ನೂ ಕೂಡಿಡಲಿಲ್ಲ. ಅವರು ಬೇಡಿ ತಂದ ಹಣ ಯಾವ ಮಗುವಿನ ಊಟಕ್ಕೆ, ಯಾವ ಪುಟದ ಅಚ್ಚಿಗೆ ಖರ್ಚಾಯಿತೆಂದು ಇಂದು ಲೆಕ್ಕ ಹಾಕುವವರಿಲ್ಲ. ಆದರೆ ಕೊಬ್ಬರಿ ಕಾಸಿನಲ್ಲಿ ಮಕ್ಕಳನ್ನು ಓದಿಸಿದ ಈ ಸೀಮೆಯ ಮನೆಗಳಲ್ಲಿ ಹೆಂಚಿನ ಸೂರಿನ ಕೆಳಗೆ ಕುಳಿತು ಯಾರಾದರೂ ಅಚ್ಚಾದ ಬಸವಪುರಾಣವನ್ನೋ ಬೆಳಗಿನ ಪತ್ರಿಕೆಯನ್ನೋ ಬಿಡಿಸಿದರೆ, ಆ ಲೆಕ್ಕದ ಒಂದು ಬಾಬತ್ತು ಅಲ್ಲಿಗೂ ಸಂದಾಯವಾದಂತೆಯೇ.